ಹಂಸದ ಕಿವಿ

ಕೊಳತ್ತೂರಿನಿಂದ ಮೆಟ್ಟೂರು ಅಣೆಯ ಹಿನ್ನೀರಿಗೆ ಇಳಿಯುವ ರಸ್ತೆಯ ಕೊನೆಯ ಊರಿನಲ್ಲಿ, ಈ ಸಲದ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಮಹತ್ತರವಾದ ಪ್ರಶ್ನೆ ತಲೆಯೆತ್ತಿತು. ಅಣೆಕಟ್ಟಿನ ನೀರು ಯಾರಿಗೆ ಎಷ್ಟು ಎಂಬುದನ್ನು ದೊಡ್ಡ ದೊಡ್ಡ ನ್ಯಾಯಾಧೀಶರು ಹೇಗೋ ನೋಡಿಕೊಳ್ಳುತ್ತಾರೆ; ಅದು ಅವರ ಹಣೆಬರಹ. ಇದು ಅದಕ್ಕಿಂತ ಜಟಿಲವಾದದ್ದು. ಕಾಲಲ್ಲಿ ತುಳಿದು ಓಡಿಸುವ, ಇಬ್ಬರು ಕೂರಬಹುದಾದ, ಹಂಸದ ಆಕಾರದ ಒಂದು ಬಿಳಿ ಫೈಬರ್ ದೋಣಿಗೆ ಇನ್ಶೂರೆನ್ಸ್ ಮಾಡಿಸಬೇಕೆ, ಬೇಡವೆ?

ದೋಣಿ ಗೋವಿಂದರಾಜುವಿನದು. ಮೆಟ್ಟೂರಿನ ಥರ್ಮಲ್ ಸ್ಟೇಷನ್ನಿನಲ್ಲಿ ಬಾಯ್ಲರಿನ ಮುಂದೆ ಬೆವರು ಸುರಿಸಿ ರಿಟೈರ್ ಆದವನು. ಬೆಂಕಿಯ ಪಕ್ಕ ಆಯುಸ್ಸು ಸವೆಸಿದವನಿಗೆ ನೀರಿನ ಮೇಲೆ ಆಸೆ ಹುಟ್ಟಿದರೆ ತಪ್ಪೇನಿಲ್ಲ. ಎಲ್ಲೋ ಒಂದು ರೆಸಾರ್ಟು ಬಾಗಿಲು ಹಾಕಿದಾಗ ಅಲ್ಲಿನ ಸಾಮಾನು ಹರಾಜಾಯಿತು. ಬುದ್ಧಿ ಇದ್ದವರು ಮಂಚ, ಫ್ಯಾನು ಹೊತ್ತುಕೊಂಡು ಹೋದರು. ಇವನು ಹಂಸವನ್ನು ಮಿನಿ ಲಾರಿಯಲ್ಲಿ ನಿಲ್ಲಿಸಿಕೊಂಡು ಬಂದ. ಯಾವುದೋ ದೇವರ ವಾಹನವಿರಬೇಕೆಂದು ಕೊಳತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಅದಕ್ಕೆ ಕೈಮುಗಿದವರೂ ಉಂಟು.

ಆಸೆಯ ಮೂಲ ಹೆಂಡತಿ ಲಕ್ಷ್ಮಮ್ಮನ ತವರು. ಅದು ನೀರಿನ ಆಚೆ ದಡದಲ್ಲಿ, ಧರ್ಮಪುರಿ ಜಿಲ್ಲೆಗೆ ಸೇರಿದ ಊರು. ಮನೆಯ ಹಿಂದಿನ ದಿಬ್ಬ ಹತ್ತಿದರೆ ಅವಳ ಅಣ್ಣನ ತೆಂಗಿನ ಮರಗಳು ಕಾಣುತ್ತವೆ. ಆದರೆ ಮದುವೆಯ ದಿನ ದಿಬ್ಬಣದ ದೋಣಿಯಲ್ಲಿ, ಬೀಗರೆಲ್ಲರ ಎದುರಿಗೆ, ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡ ಲಕ್ಷ್ಮಮ್ಮ ಅಂದಿನಿಂದ ದೋಣಿ ಎಂಬ ವಸ್ತುವಿಗೆ ಕಾಲಿಟ್ಟಿಲ್ಲ. ಎದುರಿಗೆ ಕಾಣುವ ತವರಿಗೆ ಮೆಟ್ಟೂರು ಸುತ್ತಿ, ಬಸ್ಸು ಬದಲಿಸಿ, ಬೆಳಿಗ್ಗೆ ಹೊರಟವಳು ಬಿಸಿಲಿಳಿದ ಮೇಲೆ ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ ಗಂಡನಿಗೆ ಫೋನ್ ಮಾಡಿ ಬೈಯುತ್ತಾಳೆ. ಒಂದೇ ಒಂದು ಸಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ತೆಂಗಿನ ಮರಗಳ ನೇರಕ್ಕೆ ತುಳಿದುಕೊಂಡು ಹೋಗಿ, ಅವಳ ಅಣ್ಣನ ಕಣ್ಣೆದುರಿಗೆ ಇಳಿಸಬೇಕೆಂಬುದು ಗೋವಿಂದರಾಜುವಿನ ಹಂಬಲ. ಬೇರೆ ಆಸೆಯೇನೂ ಅವನಿಗೆ ಉಳಿದಿರಲಿಲ್ಲ.

ಹಂಸವನ್ನು ನೋಡಿದ ದಿನವೇ ಲಕ್ಷ್ಮಮ್ಮ ಅದನ್ನು ಹತ್ತುವುದಕ್ಕೆ ಷರತ್ತು ಹಾಕಿದಳು.

"ಒಸ ಗಾಡಿ ಬಂದ್ರೆ ದಂಡೆ ಮಾರಮ್ಮಂಗೆ ತಲೆ ಕೊಡಬೇಕು. ಒಂದು ಕೋಳಿ ಕುಯ್ಯಿರಿ, ಅತ್ತೀನಿ."

"ಲೇ, ಅದು ಪ್ಲಾಸ್ಟಿಕ್ಕು."

"ನಿಮ್ಮಣ್ಣನ ಬೋರ್‌ವೆಲ್ ಪೈಪೇನು ಬೆಳ್ಳೀದಾ? ಅದಕ್ಕೆ ಕೊಡಲಿಲ್ವಾ?"

ಗೋವಿಂದರಾಜು ಯೂನಿಯನ್ನಿನಲ್ಲಿ ಭಾಷಣ ಮಾಡಿದವನು. ಯಂತ್ರಕ್ಕೆ ಬೇಕಾದದ್ದು ಮೇಂಟೆನೆನ್ಸೇ ಹೊರತು ರಕ್ತವಲ್ಲ ಎಂದು ಹೆಂಡತಿಗೂ ಒಂದು ಭಾಷಣ ಕೊಟ್ಟ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಸರಿ. ಅಂಗಾದ್ರೆ ಇನ್ಶೂರೆನ್ಸ್ ಐತಾ? ನಿಮ್ಮ ಚಿಕ್ಕಪ್ಪನ ಕುರಿಗೇ ಐತೆ. ಕುರಿಗಿಂತ ನಾನು ಕಡೇನಾ?"

ಪ್ರಶ್ನೆ ಹುಟ್ಟಿದ್ದು ಹೀಗೆ.

ಆ ಊರಿನಲ್ಲಿ ಇನ್ಶೂರೆನ್ಸಿನ ವಿಷಯ ಬಲ್ಲವನೆಂದರೆ ಗೋವಿಂದರಾಜುವಿನ ಚಿಕ್ಕಪ್ಪ ಮುನಿಯಪ್ಪನೇ. ಅವನ ಕುರಿಗಳ ಕಿವಿಗೆಲ್ಲ ಕಂಪನಿಯವರು ನಂಬರು ಹಾಕಿದ ಹಳದಿ ಬಿಲ್ಲೆ ಚುಚ್ಚಿದ್ದರು. ಕುರಿ ಸತ್ತರೆ ಬಿಲ್ಲೆಯ ಸಮೇತ ಕಿವಿ ಕುಯ್ದು ತೋರಿಸಬೇಕು. ಇಲ್ಲದಿದ್ದರೆ ಆ ಕುರಿ ಹುಟ್ಟೇ ಇಲ್ಲ ಎಂಬುದು ಕಂಪನಿಯ ವಾದ. ಒಮ್ಮೆ ಪಾಲಮಲೆಯ ಬುಡದಲ್ಲಿ ಚಿರತೆ ಹಿಡಿದ ಟಗರಿನ ಕಿವಿಯನ್ನು ನಾಯಿಗಳು ಎಳೆದುಕೊಂಡು ಹೋಗಿ, ಮುನಿಯಪ್ಪ ಬರಿಗೈಯಲ್ಲಿ ಮನೆಗೆ ಬಂದಿದ್ದ. ಅಂದಿನಿಂದ ಅವನದು ಒಂದೇ ಶಾಸ್ತ್ರ: "ಮೊದಲು ಕಿವಿ. ಅಳೋದು ಆಮೇಲೆ."

ಕುರಿಗಳಿಗೆ ಪಾಲಿಸಿ ಮಾಡಿಸಿದ ಶಿವರಾಮನ್ ಎಂಬ ಏಜೆಂಟನ್ನೇ ಕರೆಸಲಾಯಿತು. ಅವನು ಬಂದದ್ದು ಸಂಜೆ. ಜಗಲಿಯ ಮೇಲೆ ಕೂತು ಫೋನಿನಲ್ಲಿ ಏನೇನೋ ತೆರೆದು ಕೇಳತೊಡಗಿದ.

"ಇಂಜಿನ್ ಎಷ್ಟು ಹಾರ್ಸ್‌ಪವರ್ ಅಣ್ಣಾ?"

"ಇಂಜಿನ್ ಇಲ್ಲಪ್ಪ. ನಾನೇ ತುಳಿಯೋದು."

"ಅಂಗಂದ್ರೆ ನಿಮ್ಮ ವಯಸ್ಸು ಆಕ್ಲಾ?"

"ಏನಾದ್ರೂ ಆಕು."

"ಉಪಯೋಗ ಯಾವುದು? ಮೀನು ಇಡಿಯೋದಾ, ಜನ ಸಾಗಿಸೋದಾ, ಉಲ್ಲಾಸಕ್ಕಾ?"

"ಇವಳ ತವರುಮನೆಗೆ ಓಗೋಕೆ."

ಶಿವರಾಮನ್ ಫೋನಿನ ಮೇಲೆ ಬೆರಳಾಡಿಸಿ ಹುಡುಕಿದ. "ತವರುಮನೆ ಉಲ್ಲಾಸದಾಗೆ ಬರಲ್ಲಣ್ಣಾ."

"ಯಾರಿಗೆ ಬರಲ್ಲ?" ಎಂದು ಒಳಗಿನಿಂದ ಲಕ್ಷ್ಮಮ್ಮನ ದನಿ ಬಂತು.

ಶಿವರಾಮನ್ ಉಲ್ಲಾಸವೆಂದೇ ಹಾಕಿದ. ಆಮೇಲೆ ಪಾಲಿಸಿಯ ಗುಣಗಾನಕ್ಕೆ ತೊಡಗಿದ. "ಮುಳುಗಿದ್ರೆ ಕೊಡ್ತಾರೆ. ಮಗುಚಿದ್ರೆ ಕೊಡ್ತಾರೆ. ಬಂಡೆಗೆ ಬಡಿದು ಎರಡು ತುಂಡಾದ್ರೂ ಕಂಡಿಪ್ಪಾ, ಖಂಡಿತಾ ಕೊಡ್ತಾರೆ. ಒಳಗೆ ಕೂತಿರೋರಿಗೆ ಏನಾದ್ರೂ ಆದ್ರೆ—"

ದೇವರ ಮುಂದೆ ದೀಪ ಹಚ್ಚುತ್ತಿದ್ದ ಲಕ್ಷ್ಮಮ್ಮ ಬೆಂಕಿಪೊಟ್ಟಣ ಹಿಡಿದುಕೊಂಡೇ ಹೊರಗೆ ಬಂದಳು. "ದೀಪ ಅಚ್ಚೋ ಒತ್ತಿನಾಗೆ ಎಂಥಾ ಮಾತಯ್ಯಾ ನಿಂದು! ಮುಳುಗ್ತದಂತೆ, ಮಗುಚ್ತದಂತೆ!" ಎಂದು ಗದರಿಸಿ, ಮಗಳ ಹೆಸರು ಹಿಡಿದು ಗಂಡನನ್ನು ಕೂಗಿದಳು. "ಸುಗನ್ಯಾನಪ್ಪೋ, ಮುಳುಗ್ತದೆ ಅಂತ ಮೊದಲೇ ದುಡ್ಡು ಕಟ್ಟಿ ನನ್ನ ಕೂರಿಸ್ತೀರಾ? ಬೇಡವೇ ಬೇಡ. ಇನ್ಶೂರೆನ್ಸ್ ಮಾಡ್ಸಿದ್ರೆ ನಾನು ಅತ್ತಲ್ಲ."

ಶಿವರಾಮನ್ ಕಾಫಿಯನ್ನೂ ಕುಡಿಯದೆ ಬೈಕು ಹತ್ತಿದ.

ಮರುದಿನ ಬೆಳಿಗ್ಗೆ ಧರ್ಮಪುರಿಯಿಂದ ಮಗಳು ಸುಗನ್ಯಾಳ ಫೋನು. "ಅಪ್ಪಾ, ಇನ್ಶೂರೆನ್ಸ್ ಇಲ್ದೆ ಅಮ್ಮನ್ನ ನೀರಿಗೆ ಕರ್ಕೊಂಡು ಓಗ್ತೀಯಾ? ನಿಂಗೆ ಬುದ್ಧಿ ಐತಾ?" ಸ್ಪೀಕರಿನಲ್ಲಿ ಇದನ್ನು ಕೇಳಿದ ಲಕ್ಷ್ಮಮ್ಮ, "ಅದೇ ನಾನೂ ಏಳಿದ್ದು. ಇನ್ಶೂರೆನ್ಸ್ ಇಲ್ಲದ್ದರಾಗೆ ನಾನು ಕೂರಲ್ಲ" ಎಂದಳು.

"ನೆನ್ನೆ ಬೇಡ ಅಂದ್ಯಲ್ಲೇ!"

"ನೆನ್ನೆ ದೀಪ ಅಚ್ಚೋ ಒತ್ತು. ಈಗ ಬೆಳಿಗ್ಗೆ."

ಮಾಡಿಸಿದರೆ ಹತ್ತುವುದಿಲ್ಲ. ಮಾಡಿಸದಿದ್ದರೆ ಕೂರುವುದಿಲ್ಲ. ಬಾಯ್ಲರ್ ಆಗಿದ್ದರೆ ಯಾವುದಾದರೊಂದು ವಾಲ್ವ್ ತಿರುಗಿಸಬಹುದಿತ್ತು. ಲಕ್ಷ್ಮಮ್ಮನ ವಾಲ್ವ್ ಎಲ್ಲಿದೆಯೆಂಬುದು ಇಷ್ಟು ವರ್ಷದ ಸಂಸಾರದಲ್ಲೂ ಗೋವಿಂದರಾಜುವಿಗೆ ಸಿಕ್ಕಿರಲಿಲ್ಲ. ಇತ್ತ ನೀರಿಗೆ ಇವರ ತೀರ್ಮಾನ ಕಾಯುವಷ್ಟು ಪುರುಸೊತ್ತಿರಲಿಲ್ಲ. ಆ ಸೀಮೆಯಲ್ಲಿ ಎದುರಾದವರನ್ನು ಊಟವಾಯಿತೆ ಎಂದು ಕೇಳುವ ಮೊದಲು ಅಣೆಯಲ್ಲಿ ಎಷ್ಟು ಅಡಿ ಎಂದು ಕೇಳುತ್ತಾರೆ. ತಂಜಾವೂರಿನ ಗದ್ದೆಗಳಿಗೆ ಅಣೆಯ ಬಾಗಿಲು ತೆರೆಯುವ ದಿನ ಬಂದಿತ್ತು. ತೆರೆದರೆ ನೀರು ಇಳಿಯುತ್ತದೆ, ದಂಡೆ ಮೊಣಕಾಲುದ್ದದ ಕೆಸರಾಗುತ್ತದೆ, ಹಂಸ ಮುಂದಿನ ಪ್ರವಾಹದವರೆಗೆ ಹಿತ್ತಲಲ್ಲಿ ಕೋಳಿಗೂಡಾಗುತ್ತದೆ.

ಸೋಮವಾರ ಸಂಜೆ ಗೋವಿಂದರಾಜುವಿನ ತಾಳ್ಮೆ ಮುಗಿಯಿತು. ಬೇವಿನ ಮರದ ಕೆಳಗೆ ನಿಂತು ಶಿವರಾಮನಿಗೆ ಫೋನ್ ಮಾಡಿ, ಸಿಗ್ನಲ್ ಸರಿಯಾಗಿ ಸಿಗದ ಜಾಗವಾದ್ದರಿಂದ ಊರಿಗೆಲ್ಲ ಕೇಳುವಂತೆ ಅರಚಿದ: "ಮಾಡ್ಸಪ್ಪಾ! ಮಾಡ್ಸು ಅಂದೆ! ಆಗೋಯ್ತು!"

ನಾಳೆ ಬಂದು ಫೋಟೋ ತೆಗೆದರೆ ಪಾಲಿಸಿ ಬರುತ್ತದೆ, ಅಷ್ಟರಲ್ಲಿ ದೋಣಿಯ ಮೇಲೆ ಒಂದು ನಂಬರು ಬರೆದಿರಬೇಕು ಎಂದ ಶಿವರಾಮನ್. ಗೋವಿಂದರಾಜು ಮನೆಯಲ್ಲಿ ಮಿಕ್ಕಿದ್ದ ಹಳದಿ ಪೇಂಟು ತಂದು ಹಂಸದ ಕೆನ್ನೆಯ ಮೇಲೆ ನಂಬರು ಬರೆದ. ಎಲೆಯಡಿಕೆ ಅಗಿಯುತ್ತಾ ನೋಡುತ್ತಿದ್ದ ಮುನಿಯಪ್ಪ ಮೆಚ್ಚಿ ತಲೆಯಾಡಿಸಿದ.

"ಅಳದಿ. ಸರಿಯಾಗಿ ಕಿವಿ ಜಾಗಕ್ಕೇ ಬರೆದಿದ್ದೀಯ ಕಣ್ಲಾ."

ಮುನಿಯಪ್ಪನ ಪಾಲಿಗೆ ವ್ಯವಹಾರ ಅಲ್ಲಿಗೆ ಮುಗಿದಿತ್ತು. ಕುರಿ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಕೈ ಹೊರಗೆ ಬಂತೆಂದರೆ ಕುರಿ ಮಾರಿಹೋದಂತೆ. ಇಲ್ಲಿ ಊರೇ ಕೇಳುವಂತೆ 'ಆಗೋಯ್ತು' ಎಂದಾಗಿದೆ, ನಂಬರೂ ಬಿದ್ದಿದೆ. ಇನ್ನು ಫೋಟೋ ಎಂಬುದು ಮದುವೆಯಾದ ಮೇಲಿನ ಫೋಟೋ ಇದ್ದ ಹಾಗೆ.

ಆ ರಾತ್ರಿ ಅಣೆಯ ಬಾಗಿಲುಗಳಿಂದ ನೀರು ಹೋಯಿತು. ಜಾಲಿಯ ಮೋಟಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದ ಹಂಸದ ಕೆಳಗಿನಿಂದ ನೀರು ಸರಿದು, ಅದು ಪಕ್ಕಕ್ಕೆ ವಾಲಿ, ಕೊಕ್ಕನ್ನು ಕೆಸರಿಗೆ ಊರಿ ಮಲಗಿತು.

ಬೆಳಿಗ್ಗೆ ಗೋವಿಂದರಾಜು ಕಾಫಿ ಲೋಟ ಎತ್ತುವಷ್ಟರಲ್ಲಿ ಮುನಿಯಪ್ಪ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಹೆಗಲಲ್ಲಿ ಗೋಣಿಚೀಲ.

"ಗೋವಿಂದಾ, ಮನಸ್ಸು ಗಟ್ಟಿ ಮಾಡ್ಕೊ. ನಿನ್ನ ಅಂಸ ಓಯ್ತು."

"ಎಲ್ಲಿಗೋಯ್ತು?"

"ಓಯ್ತು ಅಂದ್ರೆ ಓಯ್ತು. ಒಸ ಉಲ್ಲಿಗೆ ಕುರಿ ಒಡಕೊಂಡೋಗಿದ್ದೆ, ನೋಡ್ದೆ. ಮೈ ಒಂದು ಪಕ್ಕಕ್ಕೆ, ಬಾಯಿ ಕೆಸರಿನಾಗೆ. ನೀನೇನೂ ಎದರಬೇಡ. ನಾಯಿಗೀಯಿ ಬರೋಕೆ ಮುಂಚೆ ಕಿವಿ ತಂದಿದ್ದೀನಿ."

ಚೀಲದಿಂದ ಹೊರಬಂದದ್ದು ಹಂಸದ ತಲೆ. ಕಿತ್ತಳೆ ಬಣ್ಣದ ಕೊಕ್ಕು, ಕರಿಯ ಕಣ್ಣು, ಕೆನ್ನೆಯ ಮೇಲೆ ಹಳದಿ ನಂಬರು. ಕುತ್ತಿಗೆಯ ಕಡೆ ಗರಗಸದಿಂದ ಅಚ್ಚುಕಟ್ಟಾಗಿ ಕೊಯ್ದ ಗುರುತು.

ಗೋವಿಂದರಾಜು ಕಾಫಿ ಲೋಟ ಕೆಳಗಿಟ್ಟ. "ಚಿಕ್ಕಪ್ಪಾ, ಅದು ಬರೀ ವಾಲಿಕೊಂಡಿದ್ದು!"

"ವಾಲಿಕೊಂಡಿದ್ದು ಎಷ್ಟು ನೋಡಿಲ್ಲ ನಾನು? ಏಳಲ್ಲ ಕಣ್ಲಾ."

"ಅದೇನು ಕುರಿನಾ?"

"ಕುರಿ ಅಲ್ಲ ಅಂತ ನಂಗೂ ಗೊತ್ತು. ಕಂಪನಿ ಅದೇ ಅಲ್ವಾ? ಏಜೆಂಟೂ ಅವನೇ. ಕುರಿಗೊಂದು ನ್ಯಾಯ, ಅಂಸಕ್ಕೊಂದು ನ್ಯಾಯ ಮಾಡ್ತಾನಾ?"

ಇಬ್ಬರೂ ದಂಡೆಗೆ ಇಳಿಯುವ ಹೊತ್ತಿಗೆ ಶಿವರಾಮನ್ ಫೋನು ಹಿಡಿದು ಅಲ್ಲೇ ನಿಂತಿದ್ದ. ತಲೆಯಿಲ್ಲದ ಹಂಸವನ್ನೂ, ಮುನಿಯಪ್ಪನ ಕಂಕುಳಲ್ಲಿದ್ದ ತಲೆಯನ್ನೂ ಸರದಿಯಂತೆ ನೋಡಿದ. "ಎನ್ನಣ್ಣಾ ಇದು! ನಂಬರು ಬೋಟಿನ ಜೊತೆ ಕಾಣಬೇಕು."

"ಕಾಣ್ತದೆ, ತೆಗಿ," ಎಂದು ಮುನಿಯಪ್ಪ ತಲೆಯನ್ನು ಕುತ್ತಿಗೆಯ ಮೇಲಿಟ್ಟು ಹಿಡಿದುಕೊಂಡ.

"ತಲೆ ಇಡಕೊಂಡಿರೋ ತಾತ ಫೋಟೋದಾಗೆ ಬೀಳಬಾರದು."

ಮುನಿಯಪ್ಪ ಹಂಸದ ಹಿಂದೆ ಕೆಸರಿನಲ್ಲಿ ಬಗ್ಗಿ ಕೂತ. ಈಗ ಹಂಸದ ಗಂಟಲಿನಲ್ಲಿ ಅವನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಶಿವರಾಮನ್ ಎರಡು ಮೂರು ಸಲ ಕ್ಲಿಕ್ಕಿಸಿ, ನೋಡಿ, ಫೋನನ್ನು ಜೇಬಿಗಿಳಿಸಿದ. "ಮುರಿದಿರೋದಕ್ಕೆ ಪಾಲಿಸಿ ಕೊಡಲ್ಲಣ್ಣಾ. ಪಾಲಿಸಿ ಕೊಟ್ಟ ಮೇಲೆ ಮುರೀಬೇಕು. ಅದೂ ತಾನಾಗೇ ಮುರೀಬೇಕು. ಸೇಲಂನಾಗೆ ಫೈಬರ್ ಕೆಲಸದವರು ಅವ್ರೆ, ತಲೆ ಅಂಟಿಸ್ಕೊಂಡು ಬನ್ನಿ, ಅಪ್ಪುರಂ, ಆಮೇಲೆ ನೋಡಾಣ."

ಮುನಿಯಪ್ಪ ಕೆಸರಿನಿಂದ ಎದ್ದ. ಅವನಿಗೆ ನಿಜವಾಗಿಯೂ ರೇಗಿತ್ತು. "ಅವತ್ತು ಟಗರಿತ್ತು, ಕಿವಿ ಎಲ್ಲಿ ಅಂದೆ. ಇವತ್ತು ಕಿವಿ ತಂದಿದ್ದೀನಿ, ಮೈ ಸರಿಯಿಲ್ಲ ಅಂತೀಯ. ನಿಮ್ಮ ಕಂಪನಿಗೆ ಏನಯ್ಯಾ ಬೇಕು?"

ಗೋವಿಂದರಾಜು ದಂಡೆಯ ಕಲ್ಲಿನ ಮೇಲೆ ಕುಸಿದು ಕೂತು ಆಚೆ ದಡದ ತೆಂಗಿನ ಮರಗಳನ್ನು ನೋಡಿದ. ಸೇಲಂಗೆ ಒಯ್ದು ತಲೆ ಅಂಟಿಸಿ ತರುವಷ್ಟರಲ್ಲಿ ನೀರು ಎಲ್ಲಿರುತ್ತದೋ. ತವರಿಗೆ ಅವಳು ಬಸ್ಸಿನಲ್ಲೇ ಹೋಗುತ್ತಾಳೆ, ಮುಟ್ಟಿದ ಮೇಲೆ ಫೋನ್ ಮಾಡುತ್ತಾಳೆ.

ಅಷ್ಟರಲ್ಲಿ ಸುದ್ದಿ ತಿಳಿದ ಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದಳು. ಗೋವಿಂದರಾಜು ಬೈಗುಳಕ್ಕೆ ಸಿದ್ಧನಾದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಹಂಸದ ಸುತ್ತ ಒಂದು ಸುತ್ತು ಬಂದು, ಕೊಯ್ದ ಕುತ್ತಿಗೆಯನ್ನು ಮುಟ್ಟಿ ನೋಡಿದಳು.

"ಮಾವಾ, ಯಾವಾಗ ಕುಯ್ದಿದ್ದು?"

"ಒತ್ತು ಉಟ್ಟೋಕೆ ಮುಂಚೆ."

"ಮುಖ ಯಾವ ಕಡೆಗಿತ್ತು?"

ಮುನಿಯಪ್ಪ ನೆನಪಿಸಿಕೊಂಡು ಕೈ ತೋರಿಸಿದ. ಆ ದಿಕ್ಕಿನಲ್ಲಿ, ದಂಡೆಯ ಮೇಲೆ, ಮಾರಮ್ಮನ ಗುಡಿಯಿತ್ತು.

"ಇವತ್ತು ಮಂಗಳವಾರ," ಎಂದಳು ಲಕ್ಷ್ಮಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ. ಗುಡಿಯ ಪಕ್ಕದ ಬೇವಿನಿಂದ ಒಂದು ಕೊಂಬೆ ಮುರಿದು ತಂದು ಕುತ್ತಿಗೆಯ ತೂತಿಗೆ ಸಿಕ್ಕಿಸಿದಳು. ಹಂಸ ಈಗ ಕಳಶದಂತೆ ಕಾಣತೊಡಗಿತು. "ನಡೀರಿ."

"ಎಲ್ಲಿಗೆ?"

"ನಮ್ಮಣ್ಣನ ಮನೆಗೆ. ತಲೆ ಕೊಟ್ಟಾಯ್ತಲ್ಲ. ಕೋಳಿ ತಲೆ ಕೊಡಲ್ಲ ಅಂದ್ರಿ, ಮಾರಮ್ಮ ಅಂಸದ್ದೇ ತಗೊಂಡ್ಳು. ಇನ್ನೇನು ಆಗ್ತದೆ ಇದಕ್ಕೆ?"

ಗೋವಿಂದರಾಜುವಿನ ನಾಲಗೆಯ ತುದಿಗೆ ಯೂನಿಯನ್ನಿನ ಭಾಷಣವೆಲ್ಲ ಬಂದು ನಿಂತಿತು. ಫೈಬರ್, ವೈಜ್ಞಾನಿಕ ಮನೋಭಾವ, ಮೇಂಟೆನೆನ್ಸ್. ಆಚೆ ದಡವನ್ನು ಇನ್ನೊಮ್ಮೆ ನೋಡಿ ಎಲ್ಲವನ್ನೂ ನುಂಗಿಕೊಂಡ.

ಹಂಸದ ಜೊತೆಗೇ ಹರಾಜಿನಲ್ಲಿ ಬಂದಿದ್ದ ಲೈಫ್ ಜಾಕೆಟ್ಟುಗಳನ್ನು ಇಬ್ಬರೂ ತೊಟ್ಟರು. ಮುನಿಯಪ್ಪನೂ, ಪ್ಯಾಂಟು ಮಡಚಿಕೊಂಡ ಶಿವರಾಮನ್ನೂ ಕೆಸರಿನಲ್ಲಿ ಹೂತುಕೊಳ್ಳುತ್ತಾ ಹಂಸವನ್ನು ನೀರಿಗೆ ತಳ್ಳಿದರು. ಅದು ತೇಲಿತು. ತೇಲಲು ತಲೆಯ ಅಗತ್ಯವೇನೂ ಇರಲಿಲ್ಲ.

ಲಕ್ಷ್ಮಮ್ಮ ಮೊದಲು ಕಣ್ಣು ಮುಚ್ಚಿಕೊಂಡು ತುಳಿದಳು. ಆಮೇಲೆ ಕಣ್ಣು ತೆರೆದು, ಗಂಡ ನಿಧಾನಕ್ಕೆ ತುಳಿಯುತ್ತಿದ್ದಾನೆಂದು ಗದರಿಸಿದಳು. ವಾಂತಿಯ ಸುಳಿವಿಲ್ಲ. ಗಾಳಿ ನಿಂತಿತ್ತು. ನಡುನೀರು ದಾಟಿ ತೆಂಗಿನ ಮರಗಳು ಒಂದೊಂದಾಗಿ ಬೇರೆಬೇರೆ ಕಾಣತೊಡಗಿದಾಗ ಅವಳು ತುಳಿಯುವುದನ್ನು ನಿಲ್ಲಿಸಿ, ಹಿಂದಿನ ದಡವನ್ನೂ ಮುಂದಿನ ದಡವನ್ನೂ ನೋಡಿದಳು.

"ಇಷ್ಟೇನಾ ದೂರ?"

"ಇಷ್ಟೇ," ಎಂದ ಗೋವಿಂದರಾಜು, ಎದೆಯುಬ್ಬಿಸಿ.

"ಮತ್ತೆ ಇಷ್ಟು ವರ್ಷ ನನ್ನ ಬಸ್ಸಿನಾಗೆ ಯಾಕೆ ಸುತ್ತಿಸಿದ್ರಿ?"

ಗೋವಿಂದರಾಜು ಇನ್ನಷ್ಟು ಜೋರಾಗಿ ತುಳಿಯತೊಡಗಿದ.

ದಡದಲ್ಲಿ ಅವಳ ಅಣ್ಣ ಓಡಿ ಬಂದು ನಿಂತಿದ್ದ. ತಂಗಿ ದೋಣಿಯಿಂದ ಇಳಿದದ್ದನ್ನು ಅವನು ಗಮನಿಸಿದಂತೆ ಕಾಣಲಿಲ್ಲ. "ತಲೆ ಎಲ್ಲಿ ಬಾವ?" ಎಂದು ಕೇಳಿದ.

ಮಧ್ಯಾಹ್ನದ ಊಟವಾಗುವ ಹೊತ್ತಿಗೆ ಗಾಳಿ ಎದ್ದಿತು. ಗಂಡಹೆಂಡತಿ ಇಬ್ಬರೂ ಹಂಸವನ್ನು ಅಲ್ಲೇ ಬಿಟ್ಟು, ಬಸ್ಸಿನಲ್ಲಿ ಮೆಟ್ಟೂರು ಸುತ್ತಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದರು. ದೋಣಿಗೆ ಇನ್ಶೂರೆನ್ಸ್ ಮಾಡಿಸಲಿಲ್ಲ.