ಅಳಿವೆನಾಡಿನ ಮುಚ್ಚಿದ ಕೋಣೆ

ಠಾಣೆ ಪಟ್ಟಣದ ವರ್ತಕ ನಗರದ ಆ ಎರಡು ಕೋಣೆಯ ಮನೆಯೊಳಗೆ ಇನ್ನೊಂದು ನಾಡು ಇತ್ತು. ಅಳಿವೆನಾಡು ಎಂದು ಅದರ ಹೆಸರು. ಲೋಕನಾಥ ಅದನ್ನು ಕಟ್ಟಿದ್ದು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ. ಅವನು ಅಡುಗೆ ನೋಡಿಕೊಳ್ಳುತ್ತಿದ್ದ ಠಾಣೆ ಸ್ಟೇಷನ್ ಬಳಿಯ ಹೊಟೇಲಿನಲ್ಲಿ ಊಟದವರು ಎದ್ದುಹೋಗಿ, ಸಂಜೆಯ ತಿಂಡಿಯವರು ಇನ್ನೂ ಬಾರದ ಆ ಹೊತ್ತಿಗೆ ಅವನು ದಿನಾ ಮನೆಗೆ ಬರುತ್ತಿದ್ದ.

ಡೊಂಬಿವಲಿಯಲ್ಲಿದ್ದ ತಂಗಿ ನಳಿನಾಕ್ಷಿ ಗಂಡನನ್ನು ಕಳೆದುಕೊಂಡು, ಆರು ವರ್ಷದ ಹಿತೇಶನ ಕೈಹಿಡಿದು ಅಣ್ಣನ ಮನೆಗೆ ಬಂದಳು. ಲೋಕನಾಥನಿಗೆ ಮದುವೆಯಾಗಿರಲಿಲ್ಲ. ಇನ್ನು ಆಗುವ ಮಾತೂ ಇರಲಿಲ್ಲ. ಹುಡುಗ ಯಾರೊಡನೆಯೂ ಮಾತಾಡದೆ ಗೋಡೆಗೆ ಒರಗಿ ಕೂರುತ್ತಿದ್ದ. ಒಂದು ಮಧ್ಯಾಹ್ನ ಲೋಕನಾಥ ಅವನ ಪಕ್ಕದಲ್ಲಿ ಕುಳಿತು, ಗೋಡೆಗೇ ಹೇಳುವವನಂತೆ ಶುರುಮಾಡಿದ, "ನದಿ ಸಮುದ್ರಕ್ಕೆ ಸೇರುವಲ್ಲಿ ಒಂದು ನಾಡುಂಟು. ಅಲ್ಲಿಯ ಮನೆಗಳಿಗೆ ತಳಪಾಯ ಇಲ್ಲ."

ತಳಪಾಯವಿಲ್ಲದ ಮನೆ ನಿಲ್ಲುವುದು ಹೇಗೆಂದು ಹುಡುಗ ತಿರುಗಿ ನೋಡಿದ. ಅಲ್ಲಿಂದ ಅಳಿವೆನಾಡು ಬೆಳೆಯಿತು.

ಅಲ್ಲಿಯ ಮನೆಗಳು ನಾಲ್ಕು ಹಲಸಿನ ಕಂಬಗಳ ನಡುವೆ ಕಟ್ಟಿಹಾಕಿದ ಕರುವಿನಂತೆ ನಿಂತಿರುತ್ತವೆ. ಉಬ್ಬರ ಬಂದಾಗ ಕಂಬ ಹಿಡಿದು ಮೇಲೇರುತ್ತವೆ, ಇಳಿತದಲ್ಲಿ ಮೆಲ್ಲಗೆ ಕೆಸರಿನ ಮೇಲೆ ಕೂರುತ್ತವೆ. ಹಾಗಾಗಿ ಯಾವ ಮನೆಗೂ ಮೆಟ್ಟಿಲಿಲ್ಲ. ನೆಂಟರು ತಮ್ಮ ಏಣಿಯನ್ನು ತಾವೇ ಹೆಗಲ ಮೇಲೆ ಹೊತ್ತು ಬರಬೇಕು. ಅಲ್ಲಿಯ ಬಟ್ಟೆಯ ನೂಲನ್ನು ಉಪ್ಪುನೀರಿನಲ್ಲಿ ನೆನೆಸಿ ನೇಯುತ್ತಾರೆ. ಸುಳ್ಳು ಹೇಳಿದವನ ಪಂಚೆಯ ಅಂಚು ಎಳೆ ಎಳೆಯಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಆ ಊರಿನ ವಕೀಲರೆಲ್ಲ ಮೊಣಕಾಲಿಗಿಂತ ಮೇಲಿನ ತುಂಡು ಪಂಚೆಯಲ್ಲಿ ಓಡಾಡುತ್ತಾರೆ ಎಂದಾಗ, ಹುಡುಗ ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ನಕ್ಕಿದ್ದ.

ಅಲ್ಲಿಯ ದೊಡ್ಡಮನೆಯಲ್ಲಿ ಹಳೆಯ ಕಾಲದ ಮೂರು ವಸ್ತುಗಳಿದ್ದವು. ಒಂದು, ಎಷ್ಟು ಬಡಿಸಿದರೂ ಸಾಂಬಾರು ನೀರಾಗದ ಸೌಟು. ಇನ್ನೊಂದು, ನಾಲಗೆಯಿಲ್ಲದೆಯೂ ರಕ್ತಸಂಬಂಧಿ ಹಿಡಿದರೆ ಮೊಳಗುವ ಗಂಟೆ. ಮೂರನೆಯದು ಇಲ್ಲದವನ ಶಾಲು. ಯಾರನ್ನು ಮನೆಯವರೇ 'ಇವನು ಇಲ್ಲ' ಎಂದು ಬಿಟ್ಟರೋ ಅವನು ಹೊದೆಯುವ ಶಾಲು ಅದು. ಹೊದ್ದವನು ಊರಿಗೆಲ್ಲ ಕಾಣುತ್ತಾನೆ, ಮನೆಯವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಆ ದೊಡ್ಡಮನೆಯ ಉಪ್ಪರಿಗೆಯಲ್ಲಿ ಒಂದು ಮುಚ್ಚಿದ ಕೋಣೆಯೂ ಇತ್ತು.

"ಅದರೊಳಗೆ ಎಂತ ಉಂಟು ಮಾವ?"

"ಅದನ್ನು ಈಗ ಹೇಳ್ಲಿಕ್ಕಿಲ್ಲ. ನಿನ್ನ ಮದುವೆಯ ಹಿಂದಿನ ದಿನ ಹೇಳ್ತೇನೆ."

ಈ ನಾಡಿನ ಒಂದು ಚಿತ್ರವಿರಲಿಲ್ಲ, ಒಂದು ಅಕ್ಷರವಿರಲಿಲ್ಲ. ತುಳು ಮಾತಾಡುವ ಹುಟ್ಟೂರಿನಲ್ಲಿ ಲೋಕನಾಥನ ಅಜ್ಜಿ ಗದ್ದೆಯಲ್ಲಿ ಭತ್ತದ ನೇಜಿ ಕೀಳುತ್ತ ಪಾಡ್ದನದ ಕಥೆಹಾಡು ಕಲಿಸಿದ ರೀತಿಯೇ ಅವನಿಗೆ ಗೊತ್ತಿದ್ದದ್ದು: ಹೇಳಿದ್ದನ್ನು ಕೇಳಿದವನು ತಿರುಗಿ ಹೇಳಬೇಕು, ತಪ್ಪಿಲ್ಲದೆ ಹೇಳಿದರೆ ಮಾತ್ರ ಮುಂದಿನದು. ಹಿತೇಶ ತುಳು, ಕನ್ನಡ, ಹಿಂದಿ ಎಲ್ಲ ಕಲಸಿ ಹೇಳುತ್ತಿದ್ದ. ಏಣಿ ಒಂದನ್ನು ಮರೆತರೂ ಲೋಕನಾಥ ತಲೆಯಾಡಿಸಿ ಎದ್ದುಬಿಡುತ್ತಿದ್ದ. ಹಿತ್ತಲಿಲ್ಲದ ಆ ಮನೆಯಲ್ಲಿ ಅವನಿಗೆ ಗೊತ್ತಿದ್ದ ಬೇಸಾಯ ಅದೊಂದೇ.

ಹುಡುಗ ಬೆಳೆದ. ಹದಿನಾಲ್ಕಕ್ಕೆ ಕಥೆ ನಿಂತಿತು. ಇಪ್ಪತ್ತೊಂಬತ್ತಕ್ಕೆ ಅವನು ಐರೋಲಿಯಲ್ಲಿ, ಕಂಪ್ಯೂಟರ್ ಆಟ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಅಲ್ಲೇ ಫ್ಲ್ಯಾಟು ಹಿಡಿದಿದ್ದ. ಅಳಿವೆನಾಡನ್ನು ಅವನು ಮರೆತಿದ್ದಾನೆ ಎಂದುಕೊಂಡೇ ಲೋಕನಾಥ ಕೆಲಸದಿಂದ ನಿವೃತ್ತನಾದ. ಹೊಟೇಲಿನವರು ಜರಿಯಂಚಿನ ಶಾಲು ಹೊದಿಸಿ ಕಳುಹಿಸಿದರು.

ಒಂದು ಶನಿವಾರ ನಳಿನಾಕ್ಷಿಯ ಫೋನನ್ನು ಚಾರ್ಜಿಗೆ ಹಾಕುವಾಗ ಅದರ ಮೇಲೊಂದು ಆಮಂತ್ರಣ ಕಂಡಿತು. ಭಾನುವಾರ ಹನ್ನೊಂದಕ್ಕೆ ಐರೋಲಿಯ ಸಭಾಂಗಣವೊಂದರಲ್ಲಿ ಹಿತೇಶನ ಹೊಸ ಆಟದ ಬಿಡುಗಡೆ.

"ನಾವು ಹೋಗುವುದಲ್ವಾ?"

"ಅದು ಆಫೀಸಿನವರದ್ದೇ, ಅಣ್ಣ," ನಳಿನಾಕ್ಷಿ ಆರಿಸುತ್ತಿದ್ದ ತೊಗರಿಬೇಳೆಯಿಂದ ಕಣ್ಣೆತ್ತಲಿಲ್ಲ. "ಎಲ್ಲ ಇಂಗ್ಲಿಷಿನವರು. ನಮಗೆ ಅಲ್ಲೆಂತ ಕೆಲಸ? ನನ್ನ ಮೊಣಕಾಲು ಬೇರೆ."

ಅಳಿಯನಿಗೆ ಸಂಕೋಚವಿರಬೇಕು ಎಂದು ಲೋಕನಾಥ ತಿಳಿದ. ಮರುದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಹೇಳಿ, ಕಪಾಟಿನಿಂದ ತನ್ನ ಸನ್ಮಾನದ ಶಾಲನ್ನು ತೆಗೆದು ಮಡಿಕೆ ಕೆಡದಂತೆ ಚೀಲಕ್ಕೆ ಹಾಕಿದ. ತನಗೆ ಹೊದಿಸಿದ್ದನ್ನು ಅಳಿಯನಿಗೆ ಹೊದಿಸಬೇಕು ಎಂಬ ಆಸೆ. ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಐರೋಲಿ ಎರಡನೆಯ ಸ್ಟೇಷನ್. ಸೀಟು ಖಾಲಿಯಿದ್ದರೂ ಅವನು ಬಾಗಿಲ ಹತ್ತಿರವೇ ನಿಂತ.

ಸಭಾಂಗಣದ ಬಾಗಿಲಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಕಾರ್ಡಿನಲ್ಲಿ ಅಶ್ಮಿತಾ ಎಂದಿತ್ತು. ಅವನ ಹಿಂದಿ ಕೇಳಿ ಅವಳು ನಕ್ಕಳು.

"ಕನ್ನಡದವರಾ ಅಂಕಲ್? ಬನ್ನಿ, ಬನ್ನಿ. ನಾವು ಕಲ್ಯಾಣದವರು. ಮನೇಲಿ ಅಮ್ಮ ಕನ್ನಡಾನೇ ಮಾತಾಡ್ತಾಳೆ, ನಾನೇ ಥೋಡಾ ಥೋಡಾ. ಇಲ್ಲಿ ಕೂತ್ಕೊಳ್ಳಿ, ಶುರು ಆಗತ್ತೆ ಈಗ. ಗೇಮ್ ಒಳಗಿನ ಮನೆಗಳೆಲ್ಲ ನಾನೇ ಡ್ರಾ ಮಾಡಿದ್ದು."

ದೀಪ ಆರಿತು. ಗೋಡೆಯಗಲದ ಪರದೆಯ ಮೇಲೆ ನೀರು ಕಾಣಿಸಿತು, ನೀರಿನಲ್ಲಿ ನಾಲ್ಕು ಕಂಬಗಳು, ಕಂಬಗಳ ನಡುವೆ ಮೆಲ್ಲಗೆ ಏರುತ್ತಿರುವ ಮನೆ. ಹೆಗಲ ಮೇಲೆ ಏಣಿ ಹೊತ್ತ ನೆಂಟರು ಕೆಸರಿನಲ್ಲಿ ಸಾಲಾಗಿ ಬರುತ್ತಿದ್ದರು. ತುಂಡು ಪಂಚೆಯ ವಕೀಲನೊಬ್ಬ ಹಾದುಹೋದಾಗ ಸಭೆಯೆಲ್ಲ ನಕ್ಕಿತು. ಲೋಕನಾಥ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹುಡುಗ ಮರೆತಿರಲಿಲ್ಲ. ಒಂದು ಏಣಿಯನ್ನೂ ಬಿಟ್ಟಿರಲಿಲ್ಲ. ಆ ಕ್ಷಣ ಯಾರಾದರೂ ಬಂದು, ನಿನ್ನ ನಾಡನ್ನು ಕೇಳದೆ ತೆಗೆದುಕೊಂಡಿದ್ದಾನಲ್ಲ ಎಂದಿದ್ದರೆ, ಅವನದ್ದೇ ಅಲ್ವಾ ಮಾರಾಯ್ರೆ, ಎನ್ನುತ್ತಿದ್ದ. ಅವನು ಚೀಲದಿಂದ ಶಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಕೊನೆಯಲ್ಲಿ ಪರದೆ ಕಪ್ಪಾಗಿ ಇಂಗ್ಲಿಷಿನ ಎರಡು ಸಾಲು ಮೂಡಿದವು. ಹೆಸರು, ತಾರೀಖು ಓದುವಷ್ಟೇ ಇಂಗ್ಲಿಷು ಲೋಕನಾಥನಿಗೆ ಬರುತ್ತಿದ್ದದ್ದು. ಜನ ಕೈ ತಟ್ಟುವುದನ್ನು ನಿಲ್ಲಿಸಿದರು.

"ಅದೆಂತ ಬರ್ದದ್ದು, ಮಗಾ?" ಎಂದು ಅವನು ಪಕ್ಕದಲ್ಲಿ ಬಂದು ಕುಳಿತಿದ್ದ ಅಶ್ಮಿತಾಳನ್ನು ಕೇಳಿದ.

"ಅದಾ? ಹಿತೇಶ್ ಸರ್ ಅವರ ಮಾವ ಈ ಸ್ಟೋರಿ ಹೇಳ್ತಿದ್ರಂತೆ, ಬಚ್ಪನ್‌ನಲ್ಲಿ. ಅವ್ರು ತೀರ್ಕೊಂಡ್ಬಿಟ್ರು. ಈ ಲೋಕ ನನಗೆ ಕೊಟ್ಟುಹೋದ ಮಾವನ ನೆನಪಿಗೆ, ಅಂತ." ಅವಳ ದನಿ ತಗ್ಗಿತು. "ನಾವೆಲ್ಲ ಅತ್ತಿದ್ವಿ ಗೊತ್ತಾ, ಸರ್ ಅದನ್ನ ಹೇಳಿದಾಗ."

ಲೋಕನಾಥ ಪರದೆಯನ್ನೇ ನೋಡಿದ. ಅಕ್ಷರಗಳು ಒಂದೊಂದಾಗಿ ಮಾಸಿದವು.

"ಯಾವಾಗ ತೀರಿಕೊಂಡದ್ದಂತೆ?"

"ಎರಡು ವರ್ಷ ಆಯ್ತಂತೆ. ನೀವು ಅವರ ಕಡೆಯವ್ರಾ ಅಂಕಲ್?"

"ಊರಿನ ಕಡೆಯವ," ಎಂದ ಅವನು.

ದೀಪ ಹತ್ತಿತು. ಹಿತೇಶ ವೇದಿಕೆಗೆ ಬಂದು, ಮೈಕು ಹಿಡಿದು, ನಗುತ್ತ ಸಭೆಯನ್ನೆಲ್ಲ ನೋಡುತ್ತ ಹೋದ. ಅವನ ಕಣ್ಣು ಲೋಕನಾಥ ಕುಳಿತಿದ್ದ ನಾಲ್ಕನೆಯ ಸಾಲಿಗೆ ಬಂತು, ನಿಂತಿತು. ನಗು ಹಾಗೇ ಇತ್ತು. ಆಮೇಲೆ ಆ ಕಣ್ಣು, ಕುರ್ಚಿ ಖಾಲಿಯಿದೆ ಎಂಬಂತೆ, ಪಕ್ಕದವರ ಮೇಲೆ ದಾಟಿಹೋಯಿತು.

ಲೋಕನಾಥ ಶಾಲನ್ನು ಮಡಚಿ ಚೀಲಕ್ಕೆ ಹಾಕಲು ನೋಡಿದ. ಮಡಿಕೆ ಕೂಡಲಿಲ್ಲ. ಕೊನೆಗೆ ಅದನ್ನು ಹೆಗಲ ಮೇಲೇ ಹಾಕಿಕೊಂಡು ಹೊರಗೆ ಬಂದ.

ಮನೆಯಲ್ಲಿ ನಳಿನಾಕ್ಷಿ ಬಾಗಿಲು ತೆರೆದು, ಅವನ ಹೆಗಲ ಮೇಲಿನ ಶಾಲನ್ನು ನೋಡಿ, ಏನೂ ಕೇಳದೆ ಒಳಗೆ ಹೋದಳು. ಅವಳಿಗೆ ಗೊತ್ತಿತ್ತು ಎಂಬುದು ಅವನಿಗೆ ತಿಳಿದದ್ದು ಆಗ.

"ನೀನೂ ಸೇರಿದ್ಯಾ ನಳಿನಿ?"

"ಒಂದು ಕಾಗದ ಅಷ್ಟೇ ಅಣ್ಣ. ಕಥೆ ಯಾರದ್ದು, ಬೇರೆ ಯಾರಾದ್ರೂ ಬಂದು ಕೇಳ್ತಾರಾ ಅಂತ ಕಂಪನಿಯವರು ಕೇಳಿದ್ರಂತೆ. ಅಣ್ಣ ಇಲ್ಲ, ಮನೆಯಲ್ಲಿ ದೊಡ್ಡವಳು ನಾನು ಅಂತ ಸೈನು ಹಾಕ್ಸಿದ."

"ದೊಡ್ಡವಳು ನೀನಾ?"

ಅವಳು ಗ್ಯಾಸಿನ ಉರಿ ಸಣ್ಣ ಮಾಡಿದಳು. "ನಿಮ್ಮನ್ನು ಕೇಳಿದ್ರೆ ಕೊಡ್ತಿದ್ರಾ? ಚಿತ್ರ ಬರೀಬಾರ್ದು, ಬರ್ದಿಡಬಾರ್ದು, ಹೊರಗಿನವ್ರಿಗೆ ಹೇಳಬಾರ್ದು ಅಂತಿದ್ರಿ. ಅವನಿಗೆ ಅಲ್ಲಿ ಕಾಲೂರಲಿಕ್ಕೆ ಒಂದು ಬೇಕಿತ್ತು. ಹೇಗೂ ನಿಮ್ಮ ಕಾಲದ ನಂತರ ಅವನಿಗೇ ಅಲ್ವಾ. ಒಂದು ಸ್ವಲ್ಪ ಮೊದಲು ಆಯ್ತು."

ಇಪ್ಪತ್ತಮೂರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡ ತಂಗಿ ಇದನ್ನು ಅನ್ನ ಬಸಿಯುತ್ತ ಹೇಳಿದಳು. ಲೋಕನಾಥನಿಗೆ ಅವಳ ಮೇಲೆ ಕೂಗಬೇಕೆನಿಸಲಿಲ್ಲ. ಬಡಿಸಿದಾಗ ಉಂಡ. ಅವಳು ಎರಡು ಸಲ ಸಾರು ಬೇಕಾ ಎಂದಳು. ಎರಡು ಸಲವೂ ಅವನು ಬೇಡವೆಂದ.

ಮುಂದಿನ ಭಾನುವಾರ ಹಿತೇಶ ಬಂದ. ಮಾವನ ಕಾಲು ಮುಟ್ಟಿದ, ಎದ್ದವನು ಮುಖ ನೋಡಲಿಲ್ಲ. ಮೇಜಿನ ಮುಂದೆ ಕುಳಿತು, ಫೋನನ್ನು ಅದರ ಮೇಲಿಟ್ಟು, ಬೆಳಗಿನ ಪೇಪರನ್ನು ಅತ್ತಿತ್ತ ಮಾಡಿದ.

"ಮಾವ, ಗುಸ್ಸಾ ಆಗ್ಬೇಡಿ. ಸಮ್ಝೋ ನಾ. ಅಳಿಯಕಟ್ಟಲ್ಲಿ ಮಾವಂದು ಅಳಿಯನಿಗೆ ಬರ್ತದೆ ಅಂತ ನೀವೇ ಹೇಳಿದ್ದು. ನಾನು ಕಂಪನಿಯವರಿಗೆ ಅದನ್ನೇ ಹೇಳಿದೆ. ನಮ್ಮಲ್ಲಿ ಹೀಗೆ ಅಂತ."

"ಹೇಳಿದ್ದು ಹೌದು. ಯಜಮಾನ ಹೋದ ಮೇಲೆ ಬರ್ತದೆ. ಅದೂ ನೋಡಿಕೊಳ್ಳಲಿಕ್ಕೆ. ಕೊಡ್ಲಿಕ್ಕೆ, ಮಾರ್ಲಿಕ್ಕೆ ಅವನಿಗೂ ಹಕ್ಕಿಲ್ಲ."

"ಹೋದ ಮೇಲೆ ಅಂತಲೇ ಪ್ರಾಬ್ಲೆಮ್ ಆದದ್ದು. ಅದಕ್ಕೇ..."

"ಅದಕ್ಕೇ ಕೊಂದದ್ದಾ?"

ಒಳಗೆ ನಳಿನಾಕ್ಷಿಯ ಪಾತ್ರೆಯ ಸದ್ದು ನಿಂತಿತು.

"ಸಾರಿ ಮಾವ," ಎಂದ ಹಿತೇಶ. ಆ ದನಿಯಲ್ಲಿ ಗೋಡೆಗೊರಗಿ ಕೂರುತ್ತಿದ್ದ ಹುಡುಗನ ದನಿ ಒಂದಿಷ್ಟು ಇತ್ತು. "ಒಂದೇ ಕೇಳ್ತೇನೆ. ಎರಡನೇ ಭಾಗ ಮಾಡ್ತಿದ್ದೇವೆ. ಎಲ್ರೂ ಅದನ್ನೇ ಕೇಳೋದು. ಆ ಕೋಣೆಯಲ್ಲಿ ಎಂತ ಉಂಟು?"

"ಮೊದಲಿಂದ ಹೇಳು," ಎಂದ ಲೋಕನಾಥ.

ಹಿತೇಶ ತಲೆಯೆತ್ತಿದ. ಆಮೇಲೆ ಕಣ್ಣು ಮುಚ್ಚಿ ಹೇಳತೊಡಗಿದ. ನದಿ ಸಮುದ್ರಕ್ಕೆ ಸೇರುವಲ್ಲಿ ಒಂದು ನಾಡುಂಟು, ಅಲ್ಲಿಯ ಮನೆಗಳಿಗೆ ತಳಪಾಯ ಇಲ್ಲ. ಅದೇ ತುಳು, ಅದೇ ಹಿಂದಿ, ಎಲ್ಲ ಕಲಸಿದ್ದು. ಕಂಬ ಬಂತು, ಏಣಿ ಬಂತು, ಉಪ್ಪುನೀರಿನ ನೂಲು ಬಂತು. ಸೌಟನ್ನು ಹೇಳುವಾಗ ಚಿಕ್ಕಂದಿನಂತೆಯೇ ಕೈಯಲ್ಲಿ ಬಡಿಸಿ ತೋರಿಸಿದ. ಇಲ್ಲದವನ ಶಾಲಿನ ಹತ್ತಿರ ಅವನ ಮಾತು ನಿಧಾನವಾಯಿತು. ಆದರೂ ಬಿಡದೆ ಹೇಳಿದ. ಒಂದೂ ತಪ್ಪಲಿಲ್ಲ.

ಲೋಕನಾಥನ ಎದೆಯಲ್ಲಿ ಒಂದು ವಾರದಿಂದ ಬಿಗಿದಿದ್ದದ್ದು ಸಡಿಲವಾಗತೊಡಗಿತು. ಕೋಣೆಯಲ್ಲಿ ಏನಿದೆ ಎಂಬುದನ್ನು ಅವನು ಹುಡುಕಬೇಕಾಗಿರಲಿಲ್ಲ. ಮೊದಲ ದಿನದಿಂದಲೂ ಅವನಿಗೆ ಅದು ಗೊತ್ತಿತ್ತು. ಆ ಕೋಣೆಯಲ್ಲಿದ್ದದ್ದು ಒಂದು ಮಣೆ, ಅದರ ಮುಂದೆ ಹಾಸಿದ ಒಂದು ಬಾಳೆಲೆ. ಆರು ವರ್ಷದ ಮಗು ಕೂರುವಷ್ಟೇ ಅಗಲದ ಮಣೆ. ಬೇರೆ ಊರಿಂದ ಬರಲಿರುವ ಒಬ್ಬನಿಗಾಗಿ, ಅವನು ಹುಟ್ಟುವ ಮೊದಲೇ ದೊಡ್ಡಮನೆಯವರು ಹಾಕಿಟ್ಟದ್ದು.

ಹೇಳಿಬಿಡೋಣ ಎಂದು ಲೋಕನಾಥ ಬಾಯಿ ತೆರೆದ. ಅಷ್ಟರಲ್ಲಿ ನಳಿನಾಕ್ಷಿ ಚಕ್ಕುಲಿಯ ತಟ್ಟೆ ತಂದಳು. ಇಡಲು ಜಾಗ ಮಾಡೋಣವೆಂದು ಅವನು ಪೇಪರನ್ನು ಸರಿಸಿದ. ಅದರಡಿಯಲ್ಲಿ ಹಿತೇಶನ ಫೋನು ಬೆಳಗುತ್ತಿತ್ತು. ರೆಕಾರ್ಡಿಂಗಿನ ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ ಓಡುತ್ತಿರುವ ಅಂಕೆಗಳು. ಹನ್ನೆರಡು ನಿಮಿಷ, ನಲವತ್ತು ಸೆಕೆಂಡು, ನಲವತ್ತೊಂದು.

ಹಿತೇಶನ ಕಣ್ಣು ಇನ್ನೂ ಮುಚ್ಚಿತ್ತು. ನಳಿನಾಕ್ಷಿ ಫೋನನ್ನೂ ನೋಡಿದಳು, ಅಣ್ಣನನ್ನೂ ನೋಡಿದಳು. ಲೋಕನಾಥ ಪೇಪರನ್ನು ಮೊದಲು ಇದ್ದಂತೆಯೇ ಅದರ ಮೇಲೆ ಎಳೆದ. ತಟ್ಟೆಯನ್ನು ತಾನೇ ತೆಗೆದುಕೊಂಡು ಅಳಿಯನ ಮುಂದಿಟ್ಟ.

"ಚಿನ್ನ," ಎಂದ.

ಹಿತೇಶ ಕಣ್ಣು ತೆರೆದ. "ಚಿನ್ನ?"

"ಕೋಣೆ ತುಂಬ ಚಿನ್ನ. ಕಿರೀಟ, ಕತ್ತಿ, ಸರ, ಎಲ್ಲ. ನೆಲ ಕಾಣುವುದಿಲ್ಲ."

"ಅಷ್ಟೇನಾ ಮಾವ?" ಒಂದು ಗಳಿಗೆ ಅವನ ಮುಖ ಬಾಡಿತು. ಆಮೇಲೆ ಅವನೇ ತಲೆಯಾಡಿಸಿದ. "ಚಲೇಗಾ. ಜನರಿಗೆ ಇಷ್ಟ ಆಗ್ತದೆ. ಸ್ಕ್ರೀನಿನಲ್ಲಿ ಅಚ್ಛಾ ದಿಖೇಗಾ." ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, ಪೇಪರಿನ ಕೆಳಗಿನಿಂದ ಫೋನನ್ನು ಮೆಲ್ಲಗೆ ಕಿಸೆಗೆ ಸರಿಸಿದ. ಹೊರಡುವಾಗ ಮತ್ತೆ ಕಾಲು ಮುಟ್ಟಿದ. ಲೋಕನಾಥ ತಲೆಯ ಮೇಲೆ ಕೈಯಿಟ್ಟ. ಅದು ಅಭ್ಯಾಸದ ಕೈ, ತಾನಾಗಿ ಹೋಯಿತು.

ಬಾಗಿಲು ಹಾಕಿಕೊಂಡ ಮೇಲೆ ನಳಿನಾಕ್ಷಿ ಮೇಜಿನ ಹತ್ತಿರವೇ ನಿಂತಿದ್ದಳು.

"ಒಳಗೆ ಚಿನ್ನವಾ ಅಣ್ಣ, ನಿಜವಾಗಿ?"

ಲೋಕನಾಥ ಕುರ್ಚಿಯಲ್ಲಿ ಬಗ್ಗಿ, ಉಟ್ಟಿದ್ದ ಪಂಚೆಯ ಅಂಚನ್ನು ಕೈಗೆ ತೆಗೆದುಕೊಂಡು ನೋಡಿದ. ಒಗೆದು ಒಗೆದು ಹಳತಾದ ಪಂಚೆ. ಒಂದು ಕಡೆ ಹಸಿರು ಎಳೆಯೊಂದು ಬಿಟ್ಟು ಪಾದದ ಮೇಲೆ ಇಳಿಬಿದ್ದಿತ್ತು. ಅದು ಯಾವಾಗ ಬಿಟ್ಟದ್ದೆಂದು ಅವನಿಗೆ ನೆನಪಾಗಲಿಲ್ಲ.

"ಸೂಜಿ ತರ್ತೇನೆ, ಹೊಲಿದು ಕೊಡ್ತೇನೆ," ಎಂದಳು ನಳಿನಾಕ್ಷಿ.

"ಬೇಡ," ಎಂದ ಅವನು. "ಹಾಗೇ ಇರ್ಲಿ."