ನಲವತ್ತೊಂದು ಮಿಸ್ಡ್ ಕಾಲ್

ಆ ದಿನ ಅಂಗಡಿಗೆ ಬಂದವಳು ಒಬ್ಬಳೇ, ಅದೂ ಹೊಲಿಯದ ಬಟ್ಟೆಯನ್ನು ವಾಪಸ್ಸು ಕೇಳಲು. ಮೆಟ್ಟಿಲ ಕೆಳಗೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಲ್ಲೇ ಇಡಮ್ಮ, ನಾನೇ ತಗೋತೀನಿ" ಎಂದಳು. ವರಲಕ್ಷ್ಮಿ ಬಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದಳು. ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋದಳು. ಹೋಗುವಾಗ ಮಾತ್ರ ಒಮ್ಮೆ ತಿರುಗಿ, "ಬಿಸಿನೀರು ಕುಡಿತಿರಮ್ಮ" ಎಂದಳು. ಅದರಲ್ಲೂ ಏನೋ ಚುಚ್ಚುಮಾತಿದೆ ಎನಿಸಿತು ವರಲಕ್ಷ್ಮಿಗೆ. ಆ ದಿನಗಳಲ್ಲಿ ಅವಳಿಗೆ ಹಾಗೇ ಆಗಿತ್ತು. ಒಳ್ಳೆಯ ಮಾತಿನ ಒಳಗೂ ಕೈ ಹಾಕಿ ನೋಡುತ್ತಿದ್ದಳು.

ಅದು ಎರಡು ಸಾವಿರದ ಒಂಬತ್ತರ ಶ್ರಾವಣ. ಟೀವಿ ಹಾಕಿದರೆ ಹಂದಿ ಜ್ವರ, ಪೇಪರು ಬಿಡಿಸಿದರೆ ಹಂದಿ ಜ್ವರ. ವರಲಕ್ಷ್ಮಿ ಹಿಂದೂಪುರದ ಅಕ್ಕ ರೇವತಿಯ ಮನೆಗೆ ಹೋಗಿ ವಾಪಸ್ಸು ಬರುವಾಗ ಸಣ್ಣಗೆ ನೆಗಡಿಯಾಗಿತ್ತು. ಬಸ್ಸಿನಲ್ಲಿ ಜನ ಹೆಚ್ಚು ಎಂದು ಅಕ್ಕನೇ ಅವಳ ಬಾಯಿಗೆ ಮಾಸ್ಕು ಕಟ್ಟಿ ಕಳಿಸಿದ್ದಳು. ಆಂಧ್ರದ ಗಡಿಯಲ್ಲಿರುವ ತನ್ನೂರು ಕಲ್ಯಾಣದುರ್ಗಕ್ಕೆ ಬಂದ ಮೇಲೆ ಎರಡು ದಿನ ಮೈ ಬಿಸಿಯಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗಂಟಲು ನೋಡಿ, ಮಾಮೂಲಿ ನೆಗಡಿ ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು.

ನಾಲ್ಕನೆಯ ದಿನ ಸಂಜೆ ಊರಿನ ಕೇಬಲ್ ಚಾನೆಲ್ಲಿನಲ್ಲಿ ಅದನ್ನು ನಡೆಸುವ ಚಂದ್ರಮೋಹನ್ ಕಾಣಿಸಿಕೊಂಡು ತೆಲುಗಿನಲ್ಲಿ ಓದಿದ: ಹಿಂದೂಪುರದಿಂದ ಬಂದಿರುವ, ಬಸ್ ಸ್ಟ್ಯಾಂಡ್ ರಸ್ತೆಯ ಲೇಡಿ ಟೈಲರ್ ಒಬ್ಬರಿಗೆ ಹಂದಿ ಜ್ವರದ ಅನುಮಾನ. ವಿಷಯ ಗೊತ್ತಿದ್ದವರು ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಮಾರನೆಯ ದಿನ ಅದೇ ಹೊತ್ತಿಗೆ ಇನ್ನೊಂದು ಸಾಲು ಸೇರಿತು: ನಲವತ್ತೊಂದು ಮಂದಿ ಇದನ್ನು ದೃಢಪಡಿಸಿದ್ದಾರೆ.

ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹೆಂಗಸು ಟೈಲರ್ ಇದ್ದದ್ದು ಒಬ್ಬಳೇ.

ಮಳಿಗೆಯ ಮಾಲೀಕ ವೆಂಕಟರಾಯಪ್ಪ ರಸ್ತೆಯ ಆಚೆ ಬದಿಯಿಂದಲೇ ಕೂಗಿ ಹೇಳಿದ. "ಶುಕ್ರವಾರದೊಳಗೆ ಅದೇ ಟೀವಿಯಲ್ಲಿ ಇಲ್ಲ ಅಂತ ಅನ್ನಿಸಮ್ಮ. ಇಲ್ಲಾಂದ್ರೆ ಬೀಗದ ಕೈ ಕೊಟ್ಬುಡು. ಪಕ್ಕದ ಮಳಿಗೆಯೋರೆಲ್ಲ ನನ್ ತಲೆ ತಿಂತವ್ರೆ."

"ಡಾಕ್ಟ್ರು ಚೀಟಿ ಕೊಟ್ಟವ್ರಲ್ಲಣ್ಣ!"

"ಚೀಟಿ ಯಾರು ಓದ್ತಾರಮ್ಮ? ಟೀವಿ ಎಲ್ಲಾರೂ ನೋಡ್ತಾರೆ."

ಗಂಡ ಆಂಜನೇಯ ಬೆಳುಗುಪ್ಪಕ್ಕೆ ಜೀಪು ಓಡಿಸುವವನು. ಅವನ ಪಕ್ಕದ ಸೀಟಿಗೂ ಈಗ ಯಾರೂ ಕೂರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನು ಕೇಳಿದ, "ನಿಂಗೆ ಜ್ವರ ಬಂದಿದ್ದು ಯಾರ್ ಯಾರಿಗೆ ಗೊತ್ತಿತ್ತೇ?"

ಅವಳು ಲೆಕ್ಕ ಹಾಕಿದಳು. ಅಕ್ಕ, ಗಂಡ, ಡಾಕ್ಟರು. ಮತ್ತೆ ಪಕ್ಕದ ಮನೆ ಗಂಗುಲಮ್ಮ. ಎರಡು ದಿನವೂ ಮೆಣಸು, ಶುಂಠಿ ಕುದಿಸಿ ಕಷಾಯ ತಂದುಕೊಟ್ಟವಳು ಅವಳೇ. ಹಣೆ ಮುಟ್ಟಿ ನೋಡಿದವಳು ಅವಳೇ. ಈಚೆಗೆ ಮಾತ್ರ ಆಕೆ ಒಂದು ಥರಾ ಆಗಿದ್ದಳು. ಮಾತಾಡುತ್ತ ಮಾತಾಡುತ್ತ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುವಳು, ಥಟ್ಟನೆ ಎದ್ದು ಒಳಗೆ ಹೋಗುವಳು. ವರಲಕ್ಷ್ಮಿ ಬಂದರೆ ಟೀವಿ ಆರಿಸುವಳು. ಕಷಾಯ ತಂದುಕೊಟ್ಟ ಕೈಯೇ ಫೋನ್ ಹಿಡಿದಿರಬಹುದೇ ಎಂಬ ಅನುಮಾನ ಹೊಕ್ಕಿತು. ಮರುದಿನ ಗಂಗುಲಮ್ಮ ಕಿಟಕಿಯಲ್ಲಿ ಇಟ್ಟುಹೋದ ನುಗ್ಗೆಸೊಪ್ಪಿನ ಪಲ್ಯ ಸಂಜೆಯವರೆಗೂ ಹಾಗೇ ಕೂತಿತ್ತು.

ಗುರುವಾರ ಮಧ್ಯಾಹ್ನ ವರಲಕ್ಷ್ಮಿ ಡಾಕ್ಟರ ಚೀಟಿ ಹಿಡಿದು ಕೇಬಲ್ ಆಫೀಸಿಗೆ ಹೋದಳು. ಒಂದೇ ಕೋಣೆ. ಒಂದು ಕಂಪ್ಯೂಟರು, ಒಂದು ಕ್ಯಾಮರಾ, ಗೋಡೆಗೆ ನೀಲಿ ಬಟ್ಟೆ. ಚಂದ್ರಮೋಹನ್ ಎದ್ದು ನಿಂತು ಕುರ್ಚಿ ಕೊಟ್ಟ. ಮೊದಲು ಅವನು ಪೇಪರಿಗೆ ಸುದ್ದಿ ಬರೆಯುತ್ತಿದ್ದವನು. ಸೈಕಲ್ಲಿನಲ್ಲಿ ಆಸ್ಪತ್ರೆ, ಸ್ಟೇಷನ್ನು, ಆಫೀಸು ಸುತ್ತಿ ನಾಲ್ಕು ಸಾಲು ಬರೆದು ಪೇಪರಿನವರಿಗೆ ಬಸ್ಸಿನಲ್ಲಿ ಕವರು ಕಳಿಸುತ್ತಿದ್ದ.

"ಅವಾಗ ನೀನು ಆಸ್ಪತ್ರೆಗೆ ಹೋಗಿ ಕೇಳ್ತಿದ್ದೆ ಅಲ್ವಾ, ಈಗ್ಯಾಕೆ ಕೇಳ್ಲಿಲ್ಲ?" ಎಂದಳು.

"ಈಗ ಜನಾನೇ ಹೇಳ್ತಾರಕ್ಕ. ಬಸ್ಸಲ್ಲಿ ಬಂದೋನ್ಯಾವನೋ ಫೋನ್ ಮಾಡಿದ, ಟೈಲರಮ್ಮ ಮಾಸ್ಕ್ ಹಾಕ್ಕೊಂಡವ್ಳೆ ಅಂತ. ನಾನು ಒಬ್ಬನ ಮಾತು ನಂಬ್ಲಿಲ್ಲ. ಮಿಸ್ಡ್ ಕಾಲ್ ಕೇಳ್ದೆ. ನಲವತ್ತೊಂದು ಬಂದ್ವು. ಇಷ್ಟು ಜನ ಸುಳ್ಳು ಹೇಳ್ತಾರಾ?"

"ಯಾರವ್ರು?"

ಅವನು ಸ್ವಲ್ಪ ಹಿಂಜರಿದು ಒಂದು ಹಾಳೆ ಮುಂದಿಟ್ಟ. ಹೆಸರಿಲ್ಲ, ಬರೀ ನಂಬರು. ವರಲಕ್ಷ್ಮಿ ಬೆರಳಿಟ್ಟು ಓದುತ್ತ ಹೋದಳು. ಹದಿನೇಳನೆಯದರ ಮೇಲೆ ಬೆರಳು ನಿಂತಿತು. ಆ ನಂಬರು ಅವಳಿಗೆ ಬಾಯಿಪಾಠ. ಓದಲು ಬಾರದ ಗಂಗುಲಮ್ಮನಿಗೆ ರೀಚಾರ್ಜು ಮಾಡಿಸಿಕೊಡುತ್ತಿದ್ದವಳು ತಾನೇ.

ಅಲ್ಲಿಂದ ಅವಳು ಓಡಿಯೇ ಬಂದಳೆನ್ನಬೇಕು. ಗಂಗುಲಮ್ಮ ಜಗುಲಿಯ ಮೇಲೆ ಕಡಲೇಕಾಯಿ ಸುಲಿಯುತ್ತಿದ್ದಳು.

"ನಿಂಗೇನು ಅನ್ಯಾಯ ಮಾಡಿದ್ದೆ ಗಂಗುಲಮ್ಮ? ಟೀವಿಯೋರಿಗೆ ಫೋನ್ ಹಾಕಿದ್ದೀಯಲ್ಲ!"

"ಹೂಂ ಕಣಮ್ಮ, ಹಾಕಿದ್ದೆ" ಎಂದಳು ಮುದುಕಿ, ಅಡಗಿಸದೆ, ತಲೆ ಎತ್ತಿ. "ಇನ್ನೂ ವಾಪಸ್ ಮಾಡ್ಲೇ ಇಲ್ಲ, ಮುಂಡೇವು!"

ಸೆರಗಿನ ಗಂಟು ಬಿಚ್ಚಿದಳು. ಒಳಗೆ ಫೋನು. "ಮೂರು ದಿನ ಆಯ್ತು ಸೆರಗಲ್ಲಿ ಕಟ್ಕೊಂಡು. ನೀರು ಸೇದೋಕೋದ್ರೂ ಜೊತೇಲೇ. ಎಲ್ಲಿ ಬಂದ್ಬುಡ್ತೈತೋ, ಎಲ್ಲಿ ತಪ್ಪೋಯ್ತೈತೋ ಅಂತ."

"ಏನು ಬರೋದು?"

"ಅವ್ರ ಫೋನು! ನಾನು ಮಿಸ್ಡ್ ಕಾಲ್ ಕೊಟ್ರೆ ನನ್ಮಗ ಮಾಡ್ತಾನೆ, ನೀನೂ ಮಾಡ್ತೀಯ. ಅವ್ರು ಮಾಡಿದ್ರೆ ಹೇಳೋಣ ಅಂತ, ಆ ಹುಡುಗಿಗೆ ಯಾವ ಹಂದಿ ಜ್ವರಾನೂ ಇಲ್ಲ, ನಾನೇ ಹಣೆ ಮುಟ್ಟಿ ನೋಡಿವ್ನಿ, ನಾನೇ ಕಷಾಯ ಕೊಟ್ಟಿವ್ನಿ ಅಂತ. ನಿನ್ನ ಮುಂದೆ ಆ ಟೀವಿ ಮಾತು ಬ್ಯಾಡ ಅಂತ ಆರಿಸ್ತಿದ್ದೆ ಕಣಮ್ಮ, ನೊಂದ್ಕೋತೀಯ ಅಂತ."

ವರಲಕ್ಷ್ಮಿ ಜಗುಲಿಯ ಅಂಚಿನಲ್ಲಿ ಕೂತುಬಿಟ್ಟಳು. ಮುದುಕಿ ಸುಲಿದ ಕಾಳು ನಾಲ್ಕು ಅವಳ ಅಂಗೈಗೆ ಹಾಕಿದಳು. ವರಲಕ್ಷ್ಮಿ ತಿಂದಳು.

ಸಂಜೆ ಇಬ್ಬರೂ ಕೇಬಲ್ ಆಫೀಸಿನಲ್ಲಿದ್ದರು. "ಈ ನಲವತ್ತೊಂದಕ್ಕೂ ವಾಪಸ್ ಫೋನ್ ಮಾಡು. ನನ್ನೆದುರಿಗೇ" ಎಂದಳು ವರಲಕ್ಷ್ಮಿ.

"ಅಕ್ಕ, ಬ್ಯಾಲೆನ್ಸು..."

"ನನ್ನ ಅಂಗಡಿಗಿಂತ ದೊಡ್ಡದಾ ನಿನ್ನ ಬ್ಯಾಲೆನ್ಸು?"

ಅವನು ಸ್ಪೀಕರ್ ಹಾಕಿ ಒತ್ತತೊಡಗಿದ. ಮೊದಲನೆಯವನು, ಶನಿವಾರ ಯಾವ ಸಿನಿಮಾ ಹಾಕ್ತೀರಿ ಎಂದು ಕೇಳಲು ಮಿಸ್ಡ್ ಕಾಲ್ ಕೊಟ್ಟಿದ್ದ. ಎರಡನೆಯವಳಿಗೆ ಆಸ್ಪತ್ರೆಯಲ್ಲಿ ಸೂಜಿ ಹಾಕ್ತಾರಾ ಎಂದು ತಿಳಿಯಬೇಕಿತ್ತು. ಮೂರನೆಯವನು ಗಟ್ಟಿಯಾಗಿ ಹೇಳಿದ, "ಅವುನು, ನಿಜ್ವಾಗ್ಲೂ ಐತೆ ಸಾರ್, ನಂಗೆ ಗೊತ್ತು."

"ಹೆಂಗೆ ಗೊತ್ತು?" ಚಂದ್ರಮೋಹನ್ ಕೇಳಿದ.

"ನೀವೇ ಟೀವಿಯಲ್ಲಿ ಹೇಳಿದ್ರಲ್ಲ ಸಾರ್!"

ಗಂಗುಲಮ್ಮನ ನಂಬರೊಂದು ಬಿಟ್ಟು, ಇಪ್ಪತ್ತೆರಡನೆಯ ಫೋನಿನವರೆಗೆ ಇಂಥವೇ ಬಂದವು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಬಸ್ಸಿನಿಂದ ಫೋನ್ ಮಾಡಿದವನ ನಂಬರು ಮಾತ್ರ ಎಷ್ಟು ಸಲ ಒತ್ತಿದರೂ ಯಾರೂ ಎತ್ತಲಿಲ್ಲ. ಆ ನಂಬರನ್ನು ವರಲಕ್ಷ್ಮಿ ಅಂಗೈ ಮೇಲೆ ಬರೆದುಕೊಂಡಳು. ಉಳಿದ ನಂಬರುಗಳನ್ನು ಒತ್ತದೆ ಚಂದ್ರಮೋಹನ್ ಫೋನು ಕೆಳಗಿಟ್ಟು, ಬೆವರು ಒರೆಸಿಕೊಂಡ. "ತಪ್ಪಾಯ್ತಕ್ಕ. ಕೆಳಗೆ ಒಂದು ಸಾಲು ಓಡಿಸ್ತೀನಿ, ಸುದ್ದಿ ಸುಳ್ಳು ಅಂತ."

"ಸಾಲು ಬ್ಯಾಡ. ಯಾವ ಬಾಯಲ್ಲಿ ಹೇಳಿದ್ಯೋ ಅದೇ ಬಾಯಲ್ಲಿ ಹೇಳು."

ಎಂಟು ಗಂಟೆಗೆ ಅವನು ಕ್ಯಾಮರಾ ಮುಂದೆ ಕೂತು ಡಾಕ್ಟರ ಚೀಟಿ ಓದಿದ, ಆಸ್ಪತ್ರೆಗೆ ಹೋಗಿ ಕೇಳದೆ ಹೇಳಿದ್ದು ತನ್ನ ತಪ್ಪು ಎಂದ. ಆಮೇಲೆ ವರಲಕ್ಷ್ಮಿಯನ್ನೂ ಗಂಗುಲಮ್ಮನನ್ನೂ ಪಕ್ಕದಲ್ಲಿ ಕೂರಿಸಿದ. ವರಲಕ್ಷ್ಮಿಯ ಮುಂದೆ ಅವಳು ಅರ್ಧ ಕುಡಿದ ಟೀ ಇತ್ತು. ಗಂಗುಲಮ್ಮ ಕ್ಯಾಮರಾವನ್ನು ಒಮ್ಮೆ, ಲೋಟವನ್ನು ಒಮ್ಮೆ ನೋಡಿದಳು. ಜೀವಮಾನದಲ್ಲಿ ಹೆತ್ತ ಮಗನ ಎಂಜಲನ್ನೂ ಮುಟ್ಟದ ಮಡಿಯ ಹೆಂಗಸು ಆಕೆ. ಲೋಟ ಎತ್ತಿ, ತುಟಿ ಹಚ್ಚಿ, ಉಳಿದದ್ದನ್ನು ಗಟಗಟ ಕುಡಿದಳು.

"ಚೂಡಂಡಪ್ಪಾ" ಎಂದಳು ತೆಲುಗಿನಲ್ಲಿ, ಮತ್ತೆ ಕನ್ನಡಕ್ಕೆ ಹೊರಳಿ, "ನೋಡ್ಕೊಳ್ರಪ್ಪ. ಸತ್ರೆ ನಾನ್ ಸಾಯ್ತೀನಿ."

ಕ್ಯಾಮರಾ ಆರಿಸಿ ಐದು ನಿಮಿಷವಾಗಿರಲಿಲ್ಲ, ವೆಂಕಟರಾಯಪ್ಪನ ಫೋನು ಬಂತು. ಚಂದ್ರಮೋಹನ್ ಸ್ಪೀಕರ್ ಆರಿಸುವುದನ್ನು ಮರೆತಿದ್ದ.

"ಆಯಮ್ಮ ಅಲ್ಲೇ ಅವ್ಳಾ? ನಮ್ಮೋಳ ಬ್ಲೌಸು ಹಬ್ಬಕ್ಕೆ ಆಯ್ತದಾ ಕೇಳು. ಆದ್ರೆ ಯಾರ ಕೈಲಾದ್ರೂ ಕಳಿಸ್ಲಿ."

ಚಂದ್ರಮೋಹನ್ ವರಲಕ್ಷ್ಮಿಯ ಮುಖ ನೋಡಿದ. ಅವಳು ಮುಂದಕ್ಕೆ ಬಾಗಿ ಫೋನಿಗೆ ಬಾಯಿ ಹತ್ತಿರ ತಂದಳು.

"ಕಳ್ಸಲ್ಲ ಅಣ್ಣಾ. ನಾಳೆ ಒಂಬತ್ತಕ್ಕೆ ಅಂಗಡಿ ತೆಗಿತೀನಿ. ನಿಮ್ಮನೆ ಅಕ್ಕನೇ ಬರ್ಲಿ. ಒಳಗೆ ಬಂದು, ಸ್ಟೂಲ್ ಮೇಲೆ ಕೂತು, ಇನ್ನೊಂದ್ ಸಲ ಅಳತೆ ಕೊಟ್ಟೋಗ್ಲಿ."

ಆ ಕಡೆ, ವೆಂಕಟರಾಯಪ್ಪನ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು, "ಬತ್ತೀನಿ ಅನ್ರೀ."