ಡಿಕ್ಕಿಯಲ್ಲಿ ಉಳಿದ ನೀರು

“ಕೈ ಚಾಚಿ ಅಕ್ಕ,” ಎನ್ನುತ್ತ ಮೆಕ್ಯಾನಿಕ್ ಕಿಟ್ಟಣ್ಣ ದಮಯಂತಿಯ ಅಂಗೈಗೆ ಒಂದು ಲೋಹದ ಚೂರು ಹಾಕಿದ. ಕರಗಿ ಮತ್ತೆ ಗಟ್ಟಿಯಾದ ಬೆಲ್ಲದಂತಿತ್ತು. “ಇಂಜಿನಿನ ಬೇರಿಂಗ್. ಉಳಿದದ್ದು ಇಷ್ಟೇ.”

ಪುತ್ತೂರಿನ ದರ್ಬೆಯ ಅವನ ಗ್ಯಾರೇಜಿನಲ್ಲಿ ದಮಯಂತಿಯ ಮನೆಯ ಅಂಬಾಸಿಡರ್ ಟ್ಯಾಕ್ಸಿ ಬಾನೆಟ್ ತೆರೆದು ನಿಂತಿತ್ತು. ಎಂಟು ತಿಂಗಳು ಜಾಲ್ಸೂರಿನ ಮನೆಯೆದುರು ಟರ್ಪಾಲು ಹೊದ್ದಿದ್ದ ಕಾರು. ರಿಪೇರಿ ಮಾಡಿಸಿ ಮಾರಿಬಿಡಿ ಎಂದು ಹಟ ಹಿಡಿದವಳು ಅವಳೇ; ಗಂಡ ಶೀನಪ್ಪ ಎದುರಾಡಲಿಲ್ಲ. ಇವತ್ತು ಕೂಸಿಗೆ ಸೂಜಿ ಹಾಕಿಸಲು ಬಂದವಳು ವಿಚಾರಿಸಿ ಹೋಗೋಣವೆಂದು ಇತ್ತ ತಿರುಗಿದ್ದಳು.

“ಯಾರಿಗೆ ಕೊಟ್ಟದ್ದು ಮಾರಾಯ್ರೆ ಇದನ್ನು? ಶೀನಪ್ಪಣ್ಣ ಓಡಿಸಿದ ಇಂಜಿನಲ್ಲ. ಅವರನ್ನು ಎಮ್ಮೆಯೂ ಓವರ್‌ಟೇಕ್ ಮಾಡ್ತದೆ ಅಂತ ನಾವು ತಮಾಷೆ ಮಾಡುದು. ಏರು ಬಂದರೆ ನಿಲ್ಲಿಸಿ, ಇಂಜಿನಿಗೆ ನೀರು ಹೊಯ್ದು, ಒಂದು ವೀಳ್ಯ ಹಾಕಿ ಮತ್ತೆ ಹೊರಡುವ ಜನ.”

ಆ ಚಾಳಿಯನ್ನೇ ದಮಯಂತಿ ಎಂಟು ತಿಂಗಳಿನಿಂದ ಶಪಿಸುತ್ತಿದ್ದಳು. ದೊಡ್ಡ ಮಗಳು ಪಂಕಜಾಕ್ಷಿಗೆ ಹಾವು ಕಚ್ಚಿದ ದಿನ ದಮಯಂತಿ ಈ ಕೂಸನ್ನು ಹೆತ್ತ ಹತ್ತು ದಿನದ ಬಾಣಂತಿ. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಶೀನಪ್ಪ ಪುತ್ತೂರಿಗೆ ಹೊರಟದ್ದನ್ನು ಕಿಟಕಿಯಿಂದ ನೋಡಿದ್ದಷ್ಟೆ. ದಾರಿಯಲ್ಲಿ ಕಾವು ಎಂಬ ಊರಿನ ಏರಿನಲ್ಲಿ ಕಾರು ನಿಂತಿತು. ಹಿಂದಿನಿಂದ ಬಸ್ಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಕಾರು ನಿಂತಿತು,” ಎಂದಷ್ಟೇ ಅವನು ಮನೆಗೆ ಬಂದು ಹೇಳಿದ್ದ.

“ನಿಲ್ಲಿಸಿದ್ದು ನೀವು. ನಿಮಗೆ ಮಗಳಿಗಿಂತ ಇಂಜಿನೇ ಹೆಚ್ಚಾಯ್ತು.”

ಅವನು ಅಂಗಳಕ್ಕೆ ಇಳಿದುಹೋದ. ಆಮೇಲೆ ಅವಳು ಅವನೊಡನೆ ಆಡಿದ್ದು ಕಾರು ಮಾರುವ ಮಾತೊಂದೇ.

“ಅವರೇ ಓಡಿಸಿದ್ದು ಕಿಟ್ಟಣ್ಣ,” ಎಂದಳು ಈಗ. “ಆ ದಿನ.”

ಕೈಯ ಮಸಿ ಒರೆಸಿಕೊಳ್ಳುತ್ತಿದ್ದವನು ತಿರುಗಿ ಮತ್ತೆ ಇಂಜಿನಿನೊಳಗೆ ಬಗ್ಗಿ ನೋಡಿದ.

“ಹಾಗಾದರೆ ಆಕ್ಸಿಲರೇಟರಿನ ಮೇಲಿನ ಕಾಲು ಒಮ್ಮೆಯೂ ಸಡಿಲ ಬಿಡಲಿಲ್ಲ ಅಕ್ಕ ಅವರು. ನೀರು ಕುದಿದು ಖಾಲಿ. ಆಯಿಲ್ ಕಾದು ತೆಳುವಾಗಿ ಬೇರಿಂಗ್ ಬಡಿಯಲಿಕ್ಕೆ ಶುರುವಾದರೆ ಕಿವುಡನಿಗೂ ಕೇಳ್ತದೆ. ಅವರಿಗೆ ಕೇಳದೆ ಉಂಟಾ? ಆದರೂ ಪಿಸ್ಟನ್ ಕಚ್ಚಿ ಹಿಡಿದು ಇಂಜಿನ್ ತಾನಾಗಿ ನಿಲ್ಲುವವರೆಗೆ ಒತ್ತಿದ್ದಾರೆ.”

ಕಾರಿನ ಹಿಂದಿನ ಡಿಕ್ಕಿಯ ಸಾಮಾನು ಕೊಂಡುಹೋಗಿ ಎಂದು ಅವನೇ ತೆಗೆದುಕೊಟ್ಟ. ಹಳೆಯ ಬಟ್ಟೆ, ಒಂದು ಹಗ್ಗ, ಶೀನಪ್ಪ ದಿನಾ ಬೆಳಿಗ್ಗೆ ಬಾವಿಯಿಂದ ನೀರು ತುಂಬಿಸಿಡುತ್ತಿದ್ದ ಎಣ್ಣೆ ಡಬ್ಬಿ. ಎತ್ತಿದರೆ ತುಂಬಿದ ಭಾರ. ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿತ್ತು.

“ಎಂತ ಅಕ್ಕ, ಎಣ್ಣೆಯಾ? ಸೀಟಿನಡಿ ಇಡಿ,” ಎಂದ ಊರಿಗೆ ಮರಳುವ ಬಸ್ಸಿನ ಕಂಡಕ್ಟರ್.

“ನೀರು,” ಎಂದಳು. ಕೂಸು ಒಂದು ತೊಡೆಯ ಮೇಲೆ, ಡಬ್ಬಿ ಇನ್ನೊಂದರ ಮೇಲೆ. ಕಾವಿನ ಇಳಿಜಾರಿನಲ್ಲಿ ಬಸ್ಸು ವಾಲಿದಾಗ ಒಳಗಿನ ನೀರು ಒಮ್ಮೆ ತುಳುಕಿ ಸದ್ದು ಮಾಡಿತು. ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.